ಎದುರಿಗೇ ಕೂತಿದ್ದ ಗೈರುಹಾಜರಿ

"ಗೌರಮ್ಮ!" ಎಂದು ಮೇಷ್ಟರು ಎರಡು ಸಲ ಕೂಗಿದರು. ಉತ್ತರ ಬರಲಿಲ್ಲವೆಂದು ಗೈರುಹಾಜರಿ ಹಾಕಿಯೇಬಿಟ್ಟರು. ಕಿವಿ ಕೇಳದ ಆ ಹುಡುಗಿ ಅವರ ಮೇಜಿನ ಎದುರಿಗೇ ಸ್ಲೇಟು ಹಿಡಿದು ಕೂತಿದ್ದಳು! ಎರಡನೇ ಮಹಾಯುದ್ಧದ ಕಾಲದಲ್ಲಿ, ಕೊಣನೂರಿನ ಆ ಶಾಲೆಗೆ ಮೇಷ್ಟರ ಕೆಲಸ ಕಲಿಯಲು ಹೋಗುತ್ತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

"ಇಲ್ಲೇ ಕೂತವ್ಳಲ್ಲ ಸಾ!" ಎಂದೆ.

"ಕೂಗಿದ್ರೆ ಓ ಅನ್ನದೋಳು ಬಂದ್ರೇನು, ಬುಟ್ರೇನು? ಸುಮ್ಕಿರಯ್ಯ!" ಎಂದು ಮೇಷ್ಟರು ನನ್ನನ್ನೇ ಗದರಿದರು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವರು ನಗುವುದನ್ನು ನೋಡಿ, ಯಾಕೆಂದು ತಿಳಿಯದೆ, ಗೌರಮ್ಮನೂ ನಕ್ಕಳು.

ಕಲಿತರೆ ಅವಳಂಥ ಮಕ್ಕಳಿಗೆ ಪಾಠ ಹೇಳುವುದನ್ನೇ ಕಲಿಯಬೇಕೆಂದು ಅವತ್ತೇ ಹಟ ಹಿಡಿದೆ. ಅವಳ ಆ ನಗು ನೆನಪಾದಾಗಲೆಲ್ಲ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ, ಸರಿ. ಆ ಮೇಷ್ಟರ ಕಣ್ಣಿಗೇನಾಗಿತ್ತು?