ಶರಣಾದ ಮುದುಕನನ್ನು ಹೊಡೆದವರು ಯಾರು?

ಮೂರು ವರ್ಷಗಳ ಹಿಂದಿನ ಮಾತು. ಬಬಲೇಶ್ವರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಲೇ ನಾನು ವಿಜಯಪುರದ ಒಂದು ವಾರಪತ್ರಿಕೆಗೆ ವಿಡಿಯೋ ಗೇಮ್‌ಗಳ ವಿಮರ್ಶೆ ಬರೆಯುತ್ತಿದ್ದೆ. ಮಕ್ಕಳ ಪಠ್ಯದಲ್ಲಿ ಒಂದು ಸಾಲು ತಪ್ಪಿದ್ದರೆ ಊರೆಲ್ಲ ಗದ್ದಲವೆಬ್ಬಿಸುವ ನಾವು, ಅದೇ ಮಕ್ಕಳು ದಿನಕ್ಕೆರಡು ತಾಸು ಕಣ್ಣುನೆಟ್ಟು ಆಡುವ ಆಟದೊಳಗೆ ಏನಿದೆ ಎಂದು ಇಣುಕಿಯೂ ನೋಡುವುದಿಲ್ಲ. ಆ ಸಿಟ್ಟೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತ್ತು. ಪ್ರತಿ ಆಟಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಡುವುದು ಪದ್ಧತಿ. ಅಂಕದ ಕೆಳಗೆ ಆ ಆಟ ಮಾಡಿದ ಅನ್ಯಾಯಗಳನ್ನು ಒಂದೊಂದಾಗಿ ಹೆಸರಿಸುವುದು ನಾನೇ ತಂದುಕೊಂಡ ಪದ್ಧತಿ.

ಆ ವರ್ಷ ಹಳೆಯದೊಂದು ಬ್ರಾಲರ್ ಆಟವನ್ನು ಹೊಸ ಚಿತ್ರ, ಹೊಸ ಸಂಗೀತದೊಂದಿಗೆ ಮತ್ತೆ ಹೊರತಂದಿದ್ದರು. ಬ್ರಾಲರ್ ಎಂದರೆ ಬೀದಿ ಹೊಡೆದಾಟದ ಆಟ. ನಾಯಕನೊಬ್ಬ ಬೀದಿಯುದ್ದಕ್ಕೂ ನಡೆಯುತ್ತಾನೆ, ಪುಂಡರು ಗುಂಪುಗುಂಪಾಗಿ ಎದುರಾಗುತ್ತಾರೆ, ಗುದ್ದಿ ಒದ್ದು ಮುಂದೆ ಹೋಗಬೇಕು. ಇಬ್ಬರು ಜೊತೆಯಾಗಿಯೂ ಆಡಬಹುದು. ತೊಂಬತ್ತರ ದಶಕದಲ್ಲಿ ನಾಣ್ಯ ಹಾಕಿ ನಿಂತು ಆಡುವ ಈ ಆಟದ ಪೆಟ್ಟಿಗೆ ವಿಜಯಪುರದ ವಿಡಿಯೋ ಗೇಮ್ ಅಂಗಡಿಯೊಂದರಲ್ಲಿತ್ತು. ನನ್ನ ಅಣ್ಣ ಹೋಗುತ್ತಿದ್ದ. ಹುಡುಗಿಯರಿಗೆ ಒಳಗೆ ಪ್ರವೇಶವಿರಲಿಲ್ಲ. ಅದೂ ಒಂದು ಅನ್ಯಾಯವೇ. ಅದನ್ನೂ ವಿಮರ್ಶೆಯಲ್ಲಿ ಬರೆದೆ.

ಜಗತ್ತಿನ ವಿಮರ್ಶಕರು ಬಾಲ್ಯ ಮರಳಿ ಬಂತೆಂದು ಹಿಗ್ಗಿದ್ದರು. ಚಿತ್ರ ಚೆಂದ, ಸಂಗೀತ ಚೆಂದ, ಆಟ ತುಸು ಚಿಕ್ಕದಾಯಿತು ಎಂದರು. ಆಟದ ಕೊನೆಯ ಬಗ್ಗೆ ಮಾತ್ರ ಒಬ್ಬರೂ ಬಾಯಿಬಿಡಲಿಲ್ಲ. ಅಂತ್ಯವನ್ನು ಬಯಲು ಮಾಡಬಾರದೆಂಬುದು ಈ ವೃತ್ತಿಯ ಕಟ್ಟಳೆ. ನಾನೋ ಒಬ್ಬಳೇ ಕುಳಿತು ಆಡಿ ಮುಗಿಸಿ ದಿಗ್ಭ್ರಮೆಗೊಂಡಿದ್ದೆ. ಕೊನೆಗೆ ಪುಂಡರ ಯಜಮಾನ, ಒಬ್ಬ ಮುದುಕ, ಮಂಡಿಯೂರಿ ಎರಡೂ ಕೈ ಎತ್ತಿ ಶರಣಾಗುತ್ತಾನೆ. ಅವನನ್ನು ಹೊಡೆದು ಕೊಂದರೆ ಆಟ ಮುಗಿಯುತ್ತದೆ. ಕಟ್ಟಳೆ ಮುರಿದು ಬರೆದೆ. ಎಂಟು ಆರೋಪಗಳು. ಮೊದಲನೆಯದು, ಬೀದಿಯ ಬಡವರನ್ನೇ ಪುಂಡರಾಗಿ ತೋರಿಸಿದ್ದು. ಮೂರನೆಯದು, ಆಟದಲ್ಲಿರುವ ಒಬ್ಬಳೇ ಹೆಣ್ಣಿಗೆ ತೊಡಿಸಿದ ತುಂಡು ಬಟ್ಟೆ. ಎಂಟನೆಯದು, “ಈ ಆಟ ಶರಣಾದವನನ್ನು ಕೊಲ್ಲಲು ಕಲಿಸುತ್ತದೆ.” ಹತ್ತಕ್ಕೆ ಎರಡು ಅಂಕ.

ವಿಮರ್ಶೆ ಅಚ್ಚಾದ ಮರುವಾರ ಪತ್ರಿಕೆಯ ಕಚೇರಿಗೆ ತಿಕೋಟಾದಿಂದ ಒಂದು ಫೋನ್ ಬಂತು. ಮಾತಾಡಿದವಳು ತಬಸ್ಸುಮ್ ಎಂಬ ಹೆಣ್ಣುಮಗಳು.

“ಆ ಗೇಮಿನ ಮ್ಯಾಲ ಬರದವ್ರು ನೀವ ಏನ್ರಿ? ನಿಮ್ಮ ಬರಹದಿಂದ ನಮ್ಮ ಶನಿವಾರ ಬಂದ್ ಆಗೇತ್ರಿ.”

ವಿಷಯ ಇಷ್ಟು. ಅವಳ ಅಣ್ಣ ಯೂನುಸ್ ದ್ರಾಕ್ಷಿ ವ್ಯಾಪಾರಿ. ಹತ್ತು ವರ್ಷಗಳ ಹಿಂದೆ ಕಾಳು ಒಕ್ಕುವ ರಾಶಿ ಯಂತ್ರಕ್ಕೆ ಸಿಕ್ಕು ಬಲಗೈ ಕಳೆದುಕೊಂಡವನು. ಊರವರೇ ನಡೆಸುವ ವಾಚನಾಲಯದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಅಂಗವಿಕಲರನ್ನು ಕೂಡಿಸಿ ಆಟ ಆಡಿಸುತ್ತಿದ್ದ. ಹೊನವಾಡ, ಘೋಣಸಗಿಗಳಿಂದ ಬಸ್ಸಿನಲ್ಲಿ ಏಳೆಂಟು ಮಂದಿ ಬರುತ್ತಿದ್ದರು. ಅವರಲ್ಲಿ ಕೆಲವರಿಗೆ ವಾರದಲ್ಲಿ ಮನೆಯಿಂದ ಹೊರಬೀಳಲು ಇದ್ದ ನೆಪ ಅದೊಂದೇ. ವಾಚನಾಲಯದ ಅಧ್ಯಕ್ಷರು ನನ್ನ ವಿಮರ್ಶೆ ಓದಿ ಆಟದ ಸಾಮಾನನ್ನೆಲ್ಲ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು.

“ಒಂದ ಮಾತ ಕೇಳ್ತೇನ್ರಿ, ಸಿಟ್ಟ ಆಗಬ್ಯಾಡ್ರಿ,” ಎಂದಳು ತಬಸ್ಸುಮ್. “ಆಟಾ ಪೂರಾ ಆಡೀರೇನ್ರಿ?”

“ಕೊನೆಯವರೆಗೂ ಆಡಿದ್ದೇನೆ,” ಎಂದೆ, ತುಸು ಬಿಗಿಯಾಗಿಯೇ.

ಆ ಶನಿವಾರ ತಿಕೋಟಾಕ್ಕೆ ಹೋದೆ. ವಾಚನಾಲಯದ ಬಾಗಿಲಿಗೆ ನನ್ನ ವಿಮರ್ಶೆಯನ್ನು ಕತ್ತರಿಸಿ ಅಂಟಿಸಿದ್ದರು. ಎಂಟನೆಯ ಆರೋಪದ ಕೆಳಗೆ ಕೆಂಪು ಗೆರೆ. ಅದರಡಿಯ ಮೆಟ್ಟಿಲ ಮೇಲೆ, ಊರುಗೋಲುಗಳನ್ನು ಗೋಡೆಗೆ ಒರಗಿಸಿಟ್ಟು, ಐವರು ಸುಮ್ಮನೆ ಕುಳಿತಿದ್ದರು. ಆಟವಿಲ್ಲವೆಂದು ಗೊತ್ತಿದ್ದೂ ಬಸ್ಸು ಹತ್ತಿ ಬಂದವರು. ಇಪ್ಪತ್ತು ವರ್ಷ ಅನ್ಯಾಯದ ವಿರುದ್ಧ ಬರೆದವಳು ನಾನು. ನನ್ನ ಬರಹವೇ ಒಂದು ಬಾಗಿಲನ್ನು ಮುಚ್ಚಿದ್ದನ್ನು ಅಂದು ಮೊದಲ ಸಲ ಕಂಡೆ.

ಅಧ್ಯಕ್ಷ ಮಲ್ಲಪ್ಪ ಮಾಸ್ತರರು ನಿವೃತ್ತ ಶಿಕ್ಷಕರು. ಹಿಗ್ಗಿನಿಂದಲೇ ಬರಮಾಡಿಕೊಂಡರು. “ಅಕ್ಕೋರ, ನೀವು ಬರದದ್ದು ಓದಿದ ದಿನಾನ ಕೀಲಿ ಹಾಕೀನಿ ನೋಡ್ರಿ. ಎಂಟೂ ತಪ್ಪು ಕಮಿಟಿ ಮುಂದ ಓದಿ ಹೇಳೀನಿ.”

ಯೂನುಸ್ ಹಿಂದಿನಿಂದ ಮೆಲ್ಲಗೆ ಎಂದ: “ಮಾಸ್ತರ, ಅಕ್ಕೋರ ಇಲ್ಲೇ ಅದಾರ. ಅವರ ಮುಂದ ಒಂದ ಸಲ ಹಚ್ಚೋಣ್ರಿ. ಆಟಾ ಕೆಟ್ಟಿತ್ತಂದ್ರ ನಾನ ಕಪಾಟಿಗೆ ಇನ್ನೊಂದ ಕೀಲಿ ತಂದ ಕೊಡ್ತೇನಿ.”

ಟೀವಿ ಹಚ್ಚಿದರು. ಆಟ ಆಡಿಸುವ ಕೈ ಸಾಧನಕ್ಕೆ ಕಂಟ್ರೋಲರ್ ಎನ್ನುತ್ತಾರೆ. ಅದರ ಎಡಗಡೆಯ ಕೋಲಿನಿಂದ ನಾಯಕ ನಡೆಯುತ್ತಾನೆ, ಬಲಗಡೆಯ ಬಟನ್‌ಗಳಿಂದ ಹೊಡೆಯುತ್ತಾನೆ. ಯೂನುಸ್ ಮತ್ತು ತಬಸ್ಸುಮ್ ಭುಜಕ್ಕೆ ಭುಜ ತಾಗಿಸಿ ಕುಳಿತು ಒಂದೇ ಕಂಟ್ರೋಲರ್ ಹಿಡಿದರು. ಕೋಲು ಅವನ ಎಡಗೈಗೆ, ಬಟನ್‌ಗಳು ಅವಳ ಬಲಗೈಗೆ. ಯೂನುಸ್ ಹುಡುಗನಾಗಿದ್ದಾಗ ಹೋಗುತ್ತಿದ್ದ ವಿಜಯಪುರದ ಆ ಅಂಗಡಿಯಲ್ಲಿಯೂ ಗೆಳೆಯರು ಹೀಗೆಯೇ ಒಬ್ಬ ನಾಯಕನನ್ನು ಹಂಚಿಕೊಂಡು ಆಡುತ್ತಿದ್ದರಂತೆ. ಇನ್ನೊಂದು ಕಂಟ್ರೋಲರನ್ನು ನನ್ನ ಕೈಗಿಟ್ಟರು.

“ಭಾಯಿ, ಮುಂದ ಹೋಗೋ! ನಾ ಗಾಳಿಗೆ ಹೊಡ್ಯಾಕತ್ತೇನಿ!”

“ನೀ ಗಾಳಿ ಬಿಟ್ಟ ಮತ್ತ ಯಾರಿಗೆ ಹೊಡದಿ ಬೇ, ಇಷ್ಟ ದಿನದಾಗ?”

“ಅಲ್ಲೋ, ಅಕ್ಕೋರ ನಮ್ಮ ಬೆನ್ನಿಗೇ ಗುದ್ದಾಕತ್ತಾರ!”

ಮೆಟ್ಟಿಲ ಮೇಲಿದ್ದವರು ಒಳಗೆ ಬಂದು ನಗತೊಡಗಿದ್ದರು. ಕೊನೆಯ ಹಂತ ಬಂತು. ಮುದುಕ ಮಂಡಿಯೂರಿ ಕೈ ಎತ್ತಿದ. ಅಣ್ಣತಂಗಿಯರು ಕಂಟ್ರೋಲರನ್ನು ತೊಡೆಯ ಮೇಲಿಟ್ಟು ತಮ್ಮ ಮೂರೂ ಕೈಗಳನ್ನು ಮೇಲಕ್ಕೆತ್ತಿದರು. ನನಗೆ ಅರ್ಥವಾಗಲಿಲ್ಲ. ನನ್ನ ಹೆಬ್ಬೆರಳು ಬಟನ್ ಒತ್ತುತ್ತಲೇ ಇತ್ತು. ಮುದುಕ ಬಿದ್ದ. ಆಟ ಮುಗಿಯಿತು.

ನಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು.

“ಅಕ್ಕೋರ,” ಎಂದ ಯೂನುಸ್, “ಆಟ ನಿಮಗ ಹೊಡೀರಿ ಅನ್ನಲಿಲ್ಲರಿ. ನೀವ ಹೊಡದ್ರಿ.”

ಪರದೆಯ ಮೇಲೆ ಹೊಡೆಯಿರಿ ಎಂಬ ಸೂಚನೆ ನಿಜಕ್ಕೂ ಇರಲಿಲ್ಲ. ಮನೆಯಲ್ಲಿ ಆಡಿದಾಗಲೂ ಇದ್ದಿರಲಾರದು. ಏಳು ಹಂತ ಗುದ್ದಿ ಗುದ್ದಿ ಬಂದ ಬೆರಳು ನಿಲ್ಲುವುದನ್ನು ಮರೆತಿತ್ತು. ಆ ಬೆರಳಿನ ಕೆಲಸವನ್ನು ನಾನು ಆಟದ ಮೇಲೆ ಹೊರಿಸಿದ್ದೆ. ಕೊಂದವಳೂ ನಾನೇ, ದೂರು ಬರೆದವಳೂ ನಾನೇ!

ಕೊನೆಯ ಹಂತವನ್ನು ಮತ್ತೆ ಆಡಿದೆವು. ಈ ಸಲ ನಾನೂ ಬಟನ್ ಬಿಟ್ಟು ಕೈ ಎತ್ತಿದೆ. ಹಿಂದೆ ನಿಂತಿದ್ದವರೂ ಎತ್ತಿದರು. ಯಾರೂ ಬಟನ್ ಒತ್ತದಿದ್ದಾಗ ಮುದುಕ ಕೆಲವು ಕ್ಷಣ ನಮ್ಮನ್ನೇ ನೋಡಿದ. ಎದ್ದ, ಸೊಂಟದಿಂದ ಕೀಲಿ ತೆಗೆದು ಹಿಂದಿನ ಕಬ್ಬಿಣದ ಬಾಗಿಲು ತೆರೆದ. ನಾವು ಬೀದಿಯಲ್ಲಿ ಹೊಡೆದ ಪುಂಡರ ಹೆಂಡತಿ ಮಕ್ಕಳು ಒಳಗೆ ಒತ್ತೆಯಾಗಿದ್ದರು; ಅವರಿಗಾಗಿಯೇ ಆ ಬಡವರು ಪುಂಡರಾಗಿ ಬೀದಿಗಿಳಿದಿದ್ದರು. ಒಬ್ಬೊಬ್ಬರಾಗಿ ಹೊರಬಂದರು.

“ಅಂಗಡ್ಯಾಗ ಇದು ಎಲ್ಲಾರಿಗೂ ಗೊತ್ತಿತ್ರಿ,” ಎಂದ ಯೂನುಸ್. “ಕಡೀಕ ಬಂದ್ರ ಪೆಟ್ಟಿಗಿ ಬಿಟ್ಟ ಹಿಂದ ಸರದ ಕೈ ಎತ್ತತಿದ್ವಿ. ಹೊಸಬಗ ಮಾತ್ರ ಹೇಳ್ತಿರಲಿಲ್ಲ.”

ಆ ಅಂಗಡಿಯೊಳಗೆ ಕಾಲಿಡಲಾಗದ ನಾನು ಮೂವತ್ತು ವರ್ಷವಾದರೂ ಹೊಸಬಳಾಗಿಯೇ ಉಳಿದಿದ್ದೆ. ಅದು ನನಗಾದ ಅನ್ಯಾಯ. ಆದರೆ ಕೇಳಿ ತಿಳಿಯದೆ ತೀರ್ಪು ಬರೆದದ್ದಕ್ಕೆ ಅದು ಸಬೂಬಾಗಲಾರದು.

ಹೊರಡುವಾಗ ಯೂನುಸ್ ಕೇಳಿದ: “ಎಂಟ ತಪ್ಪು ಬರದ್ರಿ. ಇದ್ದದ್ದ ಒಂದ ಬಿಟ್ರೆಲ್ಲರಿ? ಎಲ್ಲಾ ಬಟನ್ ಎಡಗಡೆ ತಂದುಕೊಳ್ಳಾಕ ಈ ಆಟದಾಗ ಬರೂದಿಲ್ಲ. ಹಳೇ ಪೆಟ್ಟಿಗಿ ಆಗಿನ ಕಾಲದ್ದು, ಬಿಡ್ರಿ. ಹೊಸಾದು ಮಾಡಿದವ್ರಿಗೆ ಏನಾಗಿತ್ತು? ತಂಗಿ ಊರಾಗಿಲ್ಲಂದ್ರ ನಾ ಬರೇ ನೋಡ್ಕೋತ ಕುಂಡ್ರಬೇಕು.”

ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ತಪ್ಪು ಇರಲಿಲ್ಲ. ಎರಡು ಕೈಯಿದ್ದವರು ಎರಡು ಕೈಯಿದ್ದವರಿಗಾಗಿ ಬರೆದಿದ್ದೆವು.

ಮಾಸ್ತರರೂ ಕೈ ಎತ್ತಿದ್ದರು, ಆದರೆ ಕೀಲಿಯ ಮಾತಿಗೆ ಗಟ್ಟಿಯಾಗಿಯೇ ನಿಂತರು. “ಪೇಪರ್ನ್ಯಾಗ ಬಂದದ್ದಕ್ಕ ಮುಚ್ಚೇನಿ ಅಕ್ಕೋರ. ಪೇಪರ್ನ್ಯಾಗ ಬರ್ಲಿ, ತಗೀತೇನಿ.” ಒಮ್ಮೆ ಕೊಟ್ಟ ಅಂಕ ಬದಲಿಸುವ ಪದ್ಧತಿ ಇಲ್ಲವೆಂದರು ಸಂಪಾದಕರು. ಬದಲಿಸುವುದು ಬೇಡ, ಹಿಂಪಡೆಯೋಣ ಎಂದು ನಾನು ಹಟ ಹಿಡಿದೆ. ಈ ಎಳೆದಾಟದಲ್ಲಿ ಇನ್ನೆರಡು ಶನಿವಾರ ಕಳೆದವು. ಕೊನೆಗೆ ಅದೇ ಪುಟದಲ್ಲಿ, ಅದೇ ಅಳತೆಯ ಅಕ್ಷರಗಳಲ್ಲಿ ಅಂಕ ಹಿಂಪಡೆದ ನನ್ನ ತಪ್ಪೊಪ್ಪಿಗೆ ಅಚ್ಚಾಯಿತು. ಎಂಟನೆಯ ಆರೋಪ ಸುಳ್ಳು, ಮೊದಲನೆಯದು ಅರ್ಧ ಸುಳ್ಳು, ತುಂಡು ಬಟ್ಟೆಯದೂ ಉಳಿದವೂ ನಿಂತಿವೆ, ಒಂಬತ್ತನೆಯದನ್ನು ತಿಕೋಟಾದ ಓದುಗರು ಹೇಳಿಕೊಟ್ಟರು ಎಂದು ಬರೆದೆ. ಕಂಪನಿಗೂ ಕಳಿಸಿದೆ. ಉತ್ತರ ಇಂದಿಗೂ ಬಂದಿಲ್ಲ.

ಕಪಾಟು ತೆರೆಯಿತು. ಆದರೆ ಘೋಣಸಗಿಯಿಂದ ಬರುತ್ತಿದ್ದ ಇಬ್ಬರು ಮತ್ತೆ ಬರಲಿಲ್ಲ. ಆಟವೇ ಕೆಟ್ಟದ್ದೆಂದು ಪೇಪರಿನಲ್ಲಿ ಬಂದಿತ್ತಲ್ಲ ಎಂದು ಅವರ ಮನೆಯವರು ಕಳಿಸುತ್ತಿರಲಿಲ್ಲ. ತಿದ್ದುಪಡಿಯನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ನಾನೇ ಹೋಗಿ ಓದಿ ಹೇಳಿದೆ. ನೋಡೋಣ ಎಂದರು.

ಈಗಲೂ ವಿಮರ್ಶೆ ಬರೆಯುತ್ತೇನೆ, ತಪ್ಪುಗಳನ್ನು ಹೆಸರಿಸುತ್ತೇನೆ. ಆದರೆ ಆಟ ಇನ್ನೇನು ಮುಗಿಯಿತು ಎನಿಸಿದಾಗ ಕಂಟ್ರೋಲರನ್ನು ತೊಡೆಯ ಮೇಲಿಟ್ಟು, ಎರಡೂ ಕೈ ಎತ್ತಿ ಕಾಯುತ್ತೇನೆ. ಹೆಚ್ಚಿನ ಆಟಗಳಲ್ಲಿ ಏನೂ ಆಗುವುದಿಲ್ಲ. ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಪೆನ್ನು ಎತ್ತಿಕೊಳ್ಳುತ್ತೇನೆ.