ಶಾಗ್ಯದಲ್ಲಿ ನಾನು ಹಾಕಿದ ಬಾಗಿಲು

ಹನೂರು ಸೀಮೆಗೆ ಬಂದ ಮೂರನೇ ದಿನ ಶಾಗ್ಯದ ಶಾಲೆಯಲ್ಲಿ ನಾನು ಒಂದು ಬಾಗಿಲು ಹಾಕಿದೆ. ಮುಂದಿನ ಒಂದು ತಿಂಗಳು ಆ ಊರಿನ ಒಬ್ಬ ಹುಡುಗಿಯೂ ನನ್ನ ಹತ್ತಿರ ಸುಳಿಯಲಿಲ್ಲ.

ನಾನು ವಿಜಯಪುರದವಳು. ಹದಿಹರೆಯದ ಮಕ್ಕಳ ಮನಸ್ಸಿನ ಸಂಕಟ ಕೇಳುವ ಆಪ್ತ ಸಮಾಲೋಚಕಿಯ ಕೆಲಸಕ್ಕೆಂದು ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದೆ. ಒಂಬತ್ತನೇ ತರಗತಿಯ ಮಗಳನ್ನು ಅಕ್ಕನ ಮನೆಯಲ್ಲಿ ಬಿಟ್ಟೆ. ಶಾಲೆಯನ್ನೂ ಮಾತನ್ನೂ ಬಿಟ್ಟಿದ್ದ ಮಂಜುಳಾಳನ್ನು ಅವಳ ತಾಯಿ ಕರೆತಂದಾಗ, ತರಬೇತಿಯಲ್ಲಿ ಕಲಿತಂತೆ ಕೋಣೆಯ ಬಾಗಿಲು ಹಾಕಿ ಪ್ರಶ್ನೆ ಕೇಳಿದೆ. ಅವಳು ಬಾಗಿಲನ್ನೇ ನೋಡುತ್ತಾ ಕೂತಳು. ಹೊರಗೆ ಬಂದರೆ ಅರ್ಧ ಊರು ನಿಂತಿತ್ತು. ನಮ್ಮ ಕಡೆ ಮುಚ್ಚಿದ ಬಾಗಿಲು ಗುಟ್ಟು ಕಾಯುತ್ತದೆ. ಇಲ್ಲಿ ಅದೇ ಡಂಗುರ ಸಾರಿತು.

ಊರಿನ ಆಶಾ ಕಾರ್ಯಕರ್ತೆ ಸುಂದ್ರಮ್ಮ ಮುಖಕ್ಕೆ ಹೊಡೆದಂತೆ ಹೇಳಿದರು: “ಏನ್ ಮೇಡಂ, ಎಣ್ಣೈಕ್ಳನ್ನ ಒಳಗ್ ಕೂರಿಸ್ಕಂಡು ಬಾಗ್ಲಾಕ್ಬುಟ್ರಲ್ಲ. ಊರ್ನೋರು ಏನಂದ್ಕತರೆ? ಇನ್ನು ಆ ಎಣ್ಮಗ ಈಚ್ಗೇ ಬರಲ್ಲ ಕಣ್ರಿ.”

ಹಾಗೇ ಆಯಿತು. ಮಂಜುಳಾ ಊಟವನ್ನೂ ಅರ್ಧಕ್ಕೆ ಬಿಡುತ್ತಿದ್ದಾಳೆಂದು ಕೇಳಿ ನನಗೆ ಭಯವಾಯಿತು, ನಾಚಿಕೆಯೂ ಆಯಿತು.

ಈ ನಡುವೆ ಊರನ್ನು ಕಲಿತೆ. ಮುದ್ದೆಯನ್ನು ಅಗಿಯದೆ ನುಂಗಬೇಕು. ‘ಐಕ್ಳು’ ಎಂದರೆ ಮಕ್ಕಳು. ತಮಿಳುನಾಡಿನ ಗಡಿಯ ಮಾರ್ಟಳ್ಳಿಗೆ ಹೋದರೆ ಕನ್ನಡದಲ್ಲಿ ಶುರುವಾದ ಮಾತು ಅರ್ಧದಲ್ಲಿ ತಮಿಳಿಗೆ ಹೊರಳುತ್ತದೆ. ರೊಟ್ಟಿ ಬಡಿಯುವ ಸದ್ದಿಲ್ಲದ ಬೆಳಗಿನಲ್ಲಿ ಒಬ್ಬಳೇ ಕೂತು ಅತ್ತದ್ದೂ ಉಂಟು.

ಒಂದು ದಿನ ಸುಂದ್ರಮ್ಮ ನನ್ನನ್ನು ಮಂಜುಳಾಳ ಮನೆಗೇ ಕರೆದೊಯ್ದರು. ಅವರದು ರೇಷ್ಮೆಹುಳು ಸಾಕುವ ಮನೆ. ಹುಳು ಮೇಯುವಷ್ಟು ದಿನ ಹೊರಗಿನವರು ಹೊಸ್ತಿಲು ತುಳಿಯುವಂತಿಲ್ಲ. ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಯಿಂದ, ಗೂಡು ಬಿಡಿಸುವ ದಿನ ಮಾತ್ರ ಅಕ್ಕಪಕ್ಕದ ಹೆಂಗಸರೆಲ್ಲ ಕೈಜೋಡಿಸುತ್ತಾರೆ.

“ಏನೂ ಕೇಳ್ಬ್ಯಾಡಿ. ಸುಮ್ಕೆ ಗೂಡು ಬುಡ್ಸಿ” ಎಂದರು ಸುಂದ್ರಮ್ಮ.

ಮಂಜುಳಾಳ ಪಕ್ಕದಲ್ಲಿ ಕೂತೆ. ನಾನು ಎರಡು ಗೂಡು ಜಜ್ಜಿದ ಮೇಲೆ ಅವಳು ಮೂರನೆಯದನ್ನು ನನ್ನ ಕೈಯಿಂದ ತೆಗೆದುಕೊಂಡು, ಹೇಗೆ ಬಿಡಿಸಬೇಕೆಂದು ತೋರಿಸಿದಳು. ಒಂದು ಚಂದ್ರಿಕೆ ಖಾಲಿಯಾದ ಮೇಲೆ ಕೈಯಲ್ಲಿದ್ದ ಗೂಡನ್ನೇ ನೋಡುತ್ತಾ ಹೇಳಿದಳು: “ನಂಗೆ ಬೆಳಗ್ಗೆ ಎದ್ದೇಳಕ್ಕೇ ಮನ್ಸಾಗಲ್ಲ. ಇರದೇ ಬ್ಯಾಡ ಅನ್ನುಸ್ತದೆ.”

ಅಲ್ಲಿ ಕೂತಿದ್ದ ಎಂಟು ಹೆಂಗಸರಿಗೂ ಕೇಳಿಸಿತು. ಒಬ್ಬರೂ ತಲೆ ಎತ್ತಲಿಲ್ಲ. ಒಂದು ಕೈಯೂ ನಿಲ್ಲಲಿಲ್ಲ. ತಾಯಿಯ ಕಣ್ಣು ತುಂಬಿತು, ಬೆರಳುಗಳು ಮಾತ್ರ ಗೂಡು ಬಿಡಿಸುತ್ತಲೇ ಇದ್ದವು. ಸುಂದ್ರಮ್ಮ ಚಂದ್ರಿಕೆಯನ್ನು ಈಚೆ ಎಳೆದುಕೊಂಡು ಮಂಜುಳಾಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ಮೆಲ್ಲಗೆ ಅಂದರು: “ನಿನ್ನಷ್ಟಿದ್ದಾಗ ನಂಗೂ ಅಂಗೇ ಆಗಿತ್ತು ಕಣವ್ವ. ಯಾರ್ಗೂ ಏಳ್ನಿಲ್ಲ.”

ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವುದನ್ನು ನಾನು ಯಾವ ತರಬೇತಿಯಲ್ಲೂ ಕಂಡಿರಲಿಲ್ಲ. ಆ ಹೆಂಗಸರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಹಾಗೇ ಇದೆ.

ಮರುದಿನವೇ ಮಂಜುಳಾಳ ಜೊತೆ ತಾಯಿ, ಸುಂದ್ರಮ್ಮ, ನಾನು, ಆ ಅಜ್ಜಿಯೂ ಕೊಳ್ಳೇಗಾಲದ ಬಸ್ಸು ಹತ್ತಿ ಮನೋವೈದ್ಯರ ಹತ್ತಿರ ಹೋದೆವು. ಚಿಕಿತ್ಸೆ ನಡೆದಿದೆ. ಅವಳು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ, ಎಲ್ಲ ದಿನವೂ ಅಲ್ಲ. ಸೋಮವಾರ ತಪ್ಪದೆ ನನ್ನ ಹತ್ತಿರ ಬರುತ್ತಾಳೆ.

ಹದಿಹರೆಯದವರ ಮನಸ್ಸಿನ ಆರೋಗ್ಯ ಎಲ್ಲ ದೇಶಗಳ ಸರ್ಕಾರಗಳಿಗೂ ಮೊದಲ ಕಾಳಜಿಯಾಗಬೇಕೆಂದು ದೂರದಲ್ಲೆಲ್ಲೋ ದೊಡ್ಡವರು ಕೂತು ಚರ್ಚಿಸುತ್ತಿದ್ದಾರಂತೆ. ಮಂಜುಳಾಳಂಥವರ ಸಂಕಟ ಅಷ್ಟು ದೂರ ತಲುಪಿತಲ್ಲ ಎಂದು ನನಗೆ ನಿಜಕ್ಕೂ ಸಂತೋಷ. ಅದಕ್ಕೆಂದು ನಮ್ಮಂಥ ಸಮಾಲೋಚಕರ ಅಭಿಪ್ರಾಯ ಕೇಳಿ ಬಂದ ನಮೂನೆಯಲ್ಲಿ ‘ಸಮಾಲೋಚನೆಗೆ ಪ್ರತ್ಯೇಕ ಕೋಣೆ ಇದೆಯೇ?’ ಎಂದಿತ್ತು. ‘ಇಲ್ಲ. ಗೂಡು ಬಿಡಿಸುವ ಹೆಂಗಸರಿದ್ದಾರೆ. ವೈದ್ಯರು ಇನ್ನೂ ಹತ್ತಿರ ಬೇಕು’ ಎಂದು ಬರೆದೆ.

ಆ ಭಾನುವಾರ ಮಗಳಿಗೆ ಫೋನ್ ಮಾಡಿದಾಗ ಎಂದಿನಂತೆ ಪ್ರಶ್ನೆ ಸುರಿಸಲಿಲ್ಲ. ನಾನಿಲ್ಲಿ ಅವರೆಕಾಯಿ ಸುಲಿಯುತ್ತಾ ಕೂತೆ, ಅವಳಿಗೆ ಅಲ್ಲಿ ಶೇಂಗಾ ಸುಲಿಯಲು ಹೇಳಿದೆ. ಬಹಳ ಹೊತ್ತು ಬರೀ ಸಿಪ್ಪೆಯ ಸದ್ದು.

“ಅವ್ವಾ, ನೀ ಹೋದಾಗಿಂದ ನನಗ ಸರಿ ನಿದ್ದಿನ ಬರವಲ್ದು” ಅಂದಳು.

ನನ್ನ ಕೈ ನಿಲ್ಲಲಿಲ್ಲ, ಅಷ್ಟನ್ನು ಶಾಗ್ಯ ನನಗೆ ಕಲಿಸಿತ್ತು. ಆದರೆ ಮೊಣಕಾಲು ತಾಗಿಸಿ ಕೂರಲು ನಾನು ಅಲ್ಲಿರಲಿಲ್ಲ. ಹೊರಟುಬಿಡೋಣವೆಂದರೆ ಮರುದಿನ ಸೋಮವಾರ, ಇಲ್ಲಿ ಮಂಜುಳಾ ಬರುವವಳಿದ್ದಳು.