ಟೀಚರಿಗೆ ಹೇಳಬಾರದ ಸಿರಪ್ಪು

ಇವತ್ತು ಬೆಳಿಗ್ಗೆ ಮಗಳಿಗೆಂದು ಜ್ವರದ ಸಿರಪ್ಪಿನ ಬಾಟಲಿಯ ಮುಚ್ಚಳ ತೆಗೆದೆ. ಆ ಸಿಹಿ ವಾಸನೆಗೆ ದಾಸರಹಳ್ಳಿಯ ನಮ್ಮ ಒಂದೇ ಕೋಣೆಯ ಮನೆ ನೆನಪಾಯಿತು.

ಮಗು ನರಳಬಾರದೆಂದು ಸಿರಪ್ಪು ಕೊಡುತ್ತಾರೆ. ನಮ್ಮಮ್ಮ ಕೊಡುತ್ತಿದ್ದದ್ದು ತಾನು ಕೆಲಸಕ್ಕೆ ಹೋಗಲೇಬೇಕು ಎಂದು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿಢೀರ್ ರಜೆ ಸಿಗುತ್ತಿರಲಿಲ್ಲ. ಜ್ವರದ ಮಗುವನ್ನು ಅಂಗನವಾಡಿಯಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಅಮ್ಮ ಒಂದು ಚಮಚ ಕುಡಿಸಿ, ಮೈ ತಣ್ಣಗಾಗುವವರೆಗೂ ನನ್ನ ಕತ್ತಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಆಮೇಲೆ ಸೆರಗಿನಿಂದ ತುಟಿ ಒರೆಸಿ, "ಟೀಚರ್ ಕೇಳಿದ್ರೆ ಔಷಧಿ ಕುಡ್ದೆ ಅನ್ಬೇಡ ಕಣೇ," ಅನ್ನುತ್ತಿದ್ದಳು.

ಮಧ್ಯಾಹ್ನಕ್ಕೆ ಜ್ವರ ಮತ್ತೆ ಏರುತ್ತಿತ್ತು. ನಡುಗುವುದು ಕಾಣದ ಹಾಗೆ ನಾನು ಚಾಪೆಯ ಮೂಲೆಯಲ್ಲಿ ಮುದುರಿಕೊಳ್ಳುತ್ತಿದ್ದೆ. ಸಂಜೆ ಅಮ್ಮ, ತಲೆಗೂದಲಿಗೆ ಅಂಟಿದ ದಾರದ ಎಳೆಗಳ ಸಮೇತ ಓಡಿಬಂದು ನನ್ನನ್ನು ಎತ್ತಿಕೊಂಡು, "ತುಂಬಾ ಸುಸ್ತಾಯ್ತಾ ಕಂದಾ?" ಎಂದು ಕೇಳುತ್ತಿದ್ದಳು. ಇಲ್ಲ ಅನ್ನುತ್ತಿದ್ದೆ. ಅವಳಿಗೂ ಸುಳ್ಳು ಹೇಳುವುದನ್ನು ಕಲಿತುಬಿಟ್ಟಿದ್ದೆ.

ನನ್ನ ಮಗುವಿಗೆ ಮಾತ್ರ ಹೀಗೆ ಮಾಡುವುದಿಲ್ಲ ಎಂದುಕೊಂಡಿದ್ದೆ.

ಇವತ್ತು ಸಿರಪ್ಪು ಕುಡಿಸಿದ ಮೇಲೆ, ಹೆಬ್ಬಾಳದ ಡೇಕೇರಿನ ಗೇಟಿನಲ್ಲಿ ಮಗಳ ಕತ್ತು ಮುಟ್ಟಿ ನೋಡಿದೆ. ತಣ್ಣಗಿತ್ತು. ಅವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ಅಮ್ಮ, ಸಿರಪ್ ಕುಡ್ದಿದ್ದು ಮಿಸ್‌ಗೆ ಹೇಳಲ್ಲ," ಅಂದಳು.

ನಾನು ಹಾಗೆ ಹೇಳಿಕೊಟ್ಟಿರಲೇ ಇಲ್ಲ.